ಕಡೆಯ ಪುಟದ ಹಸಿ ಸಾಲು

ನಮ್ಮೂರಿನವರು ಪತ್ರಿಕೆ ಓದಿ ಮುಗಿಸಿದ ಮೇಲೆ ಮೊದಲು ಕೈ ನೋಡಿಕೊಳ್ಳುತ್ತಾರೆ, ಆಮೇಲೆ ಮಾತಾಡುತ್ತಾರೆ. ಅಚ್ಚಾದ ಸಾಲು ನಿಜವಾಗಿದ್ದರೆ ಕಾಫಿ ಆರುವಷ್ಟರಲ್ಲಿ ಒಣಗುತ್ತದೆ. ಸುಳ್ಳಾಗಿದ್ದರೆ ಒಣಗುವುದಿಲ್ಲ, ಬಿಸಿಲಿಗೆ ಹಾಕಿದರೂ ಇಲ್ಲ, ಇಸ್ತ್ರಿ ಮಾಡಿದರೂ ಇಲ್ಲ. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಇದು ಬಟ್ಟೆ ಒಗೆಯುವ ಕಷ್ಟ, ಅಷ್ಟೆ. ಚುನಾವಣೆ ಬಂತೆಂದರೆ ಸಂತೆಯಲ್ಲಿ ಮಸಿ ಕಲೆ ತೆಗೆಯಲು ನಿಂಬೆಹಣ್ಣು ಸಿಗುವುದಿಲ್ಲ. ಹೋಟೆಲಿನವನು ಮೊದಲ ಪುಟದಲ್ಲಿ ವಡೆ ಕಟ್ಟಿಕೊಡುವುದನ್ನು ನಿಲ್ಲಿಸಿ ಮುತ್ತುಗದ ಎಲೆಗೆ ಮರಳುತ್ತಾನೆ. ಮದುವೆಯ ಕರೆಯೋಲೆ ಬಂದರೆ "ಆಶೀರ್ವಾದವೇ ಉಡುಗೊರೆ" ಎಂಬ ಸಾಲಿಗೆ ಬೆರಳು ತಾಗಿಸದೆ ಅಂಚು ಹಿಡಿದು ಓದುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಶ್ರದ್ಧಾಂಜಲಿಯ ಜಾಹೀರಾತಿನಲ್ಲಿ "ದುಃಖತಪ್ತರು" ಎಂಬುದರ ಕೆಳಗೆ ಒಂದೆರಡು ಹೆಸರು ಹಸಿಯಾಗಿಯೇ ಇರುತ್ತವೆ. ಯಾರದೆಂದು ನೋಡುತ್ತೇವೆ, ಸುಮ್ಮನಾಗುತ್ತೇವೆ.

'ಚಾವಡಿ' ನಮ್ಮೂರಿನ ಒಂದೇ ಪತ್ರಿಕೆ. ಅದರ ಸಂಪಾದಕ ವೆಂಕೋಬರಾಯರು ಮೂವತ್ತು ವರ್ಷ ಪತ್ರಿಕೆ ನಡೆಸಿಯೂ ಬಿಳಿ ಅಂಗಿಯನ್ನೇ ತೊಡುವವರು. ಅವರ ಗುಟ್ಟು ಬಹಳ ಸಣ್ಣದು. "ನಾಳೆಯಿಂದ ನಲ್ಲಿಯಲ್ಲಿ ದಿನಾ ನೀರು" ಎಂದು ಅಚ್ಚು ಹಾಕಿದರೆ ಮಸಿ ಒಸರುತ್ತದೆ. "ನಾಳೆಯಿಂದ ನಲ್ಲಿಯಲ್ಲಿ ದಿನಾ ನೀರು ಬರುತ್ತದೆ ಎಂದು ಪುರಸಭೆಯ ಅಧ್ಯಕ್ಷರು ಹೇಳಿದರು" ಎಂದು ಹಾಕಿದರೆ ಕೂಡಲೇ ಒಣಗುತ್ತದೆ, ಏಕೆಂದರೆ ಅವರು ಹೇಳಿದ್ದಂತೂ ನಿಜ. ಅಧ್ಯಕ್ಷ ಬೋರಲಿಂಗಯ್ಯನವರಿಗೂ ಈ ಗುಟ್ಟು ಗೊತ್ತು. ಹಾಗಾಗಿ ಅವರು ದಿನಾ ಏನಾದರೊಂದು ಹೇಳುತ್ತಿದ್ದರು, ರಾಯರು ದಿನಾ ಅದನ್ನು ಹಾಕುತ್ತಿದ್ದರು. ಇಬ್ಬರ ಕೈಯೂ ಸ್ವಚ್ಛ. ಊರಿನ ಮೋರಿ ಮಾತ್ರ ಸ್ವಚ್ಛವಿರಲಿಲ್ಲ.

ನಾನು ಸರ್ವಮಂಗಳೆ. ಊರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ, ಹಂಗಾಮಿಯಾಗಿ. ನಮ್ಮ ಕಾಲೇಜಿನಲ್ಲಿ ಹಂಗಾಮಿಯವರಿಗೆ ಸ್ಟೂಲು, ಕಾಯಂ ಆದವರಿಗೆ ಕೈಯಿರುವ ಕುರ್ಚಿ. ಏಳು ವರ್ಷ ಸ್ಟೂಲಿನ ಮೇಲೆ ಕೂತವರಿಗೆ ಮಾತ್ರ ಕೈಯಿರುವ ಕುರ್ಚಿಯ ಬೆಲೆ ಗೊತ್ತು. ಇತಿಹಾಸ ವಿಭಾಗದ ಮೇಷ್ಟರೊಬ್ಬರು ಊಟವಾದ ಮೇಲೆ ತಮ್ಮ ಕುರ್ಚಿಯ ಎರಡು ಕೈಗಳ ಮೇಲೆ ಎರಡು ಮೊಣಕೈ ಊರಿ ತೂಕಡಿಸುತ್ತಿದ್ದರು. ಅದನ್ನು ನೋಡಿದಾಗೆಲ್ಲ ನನಗೆ ಬರುತ್ತಿದ್ದ ಸಿಟ್ಟನ್ನು ಹೇಳಲಾರೆ. ಆ ಕುರ್ಚಿ ಬೇಕಾದರೆ ಪಿಎಚ್‌ಡಿ ಬೇಕು. ಅದಕ್ಕೆ ನಾನು ಆರಿಸಿಕೊಂಡ ವಿಷಯ: ನಮ್ಮೂರಿನಲ್ಲಿ ಪತ್ರಿಕೆ ಪುರಸಭೆಯನ್ನು ನಡೆಸುತ್ತದೆಯೋ, ಪುರಸಭೆ ಪತ್ರಿಕೆಯನ್ನು ನಡೆಸುತ್ತದೆಯೋ?

ನಮ್ಮಲ್ಲಿ ಪ್ರಬಂಧವನ್ನು ಚಾವಡಿಯ ಅಚ್ಚುಕೂಟದಲ್ಲೇ ಅಚ್ಚು ಹಾಕಿಸಬೇಕು. ಪರೀಕ್ಷಕರು ಅದನ್ನು ಓದುವುದಿಲ್ಲ. ಮೂರು ಜನ ಕೂತು, ಒಗೆದ ಬಿಳಿ ಬಟ್ಟೆಯಿಂದ ಒಂದೊಂದೇ ಪುಟವನ್ನು ಒರೆಸುತ್ತಾರೆ. ಬಟ್ಟೆ ಬಿಳಿಯಾಗಿ ಉಳಿದರೆ ಡಾಕ್ಟರೇಟು. ಕಪ್ಪಾದರೆ, ಆ ಸಾಲು ಒಣಗುವ ತನಕ ಅಭ್ಯರ್ಥಿಯಾಗಿಯೇ ಇರಬೇಕು. ನನ್ನ ಮಾರ್ಗದರ್ಶಕ ಹಯವದನಾಚಾರ್ಯರು ಇದೇ ಕಾರಣಕ್ಕೆ ಶಿಷ್ಯರಿಗೆಲ್ಲ ಒಂದೇ ಬುದ್ಧಿವಾದ ಹೇಳುತ್ತಿದ್ದರು: "ಕೋಷ್ಟಕ ಹಾಕಿ. ಅಂಕಿ ಬೇಗ ಒಣಗುತ್ತೆ." ಆದರೆ ತೀರ್ಮಾನದ ವಾಕ್ಯಕ್ಕೆ ಕೋಷ್ಟಕ ನಡೆಯುವುದಿಲ್ಲ, "ಎಂದರು" ಕೂಡ ನಡೆಯುವುದಿಲ್ಲ, ಅದನ್ನು ಸ್ವಂತ ಮಾತಿನಲ್ಲೇ ಬರೆಯಬೇಕು. ಕಡೆಯ ಪುಟದಲ್ಲಿ "ಈ ಅಧ್ಯಯನ ಇಲ್ಲಿಗೆ ಮುಗಿದಿದೆ" ಎಂಬ ಸಾಲೂ ಇರಬೇಕು. ಅದು ಹಿಂದಿನಿಂದ ಬಂದ ಪದ್ಧತಿ, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಿಲ್ಲ.

ಏಳು ವರ್ಷ, ಪ್ರತಿ ಗುರುವಾರ ನನಗೆ ಅದೇ ಕೆಲಸ. ದರ್ಜಿಯಿಂದ ತಂದ ಟೇಪು ಹಿಡಿದು ಚಾವಡಿಯ ಕಚೇರಿಗೆ ಹೋಗಿ ವಾರದ ಸಂಚಿಕೆಗಳನ್ನು ಹರಡಿಕೊಂಡು ನೀರಿಗೆ ಎಷ್ಟು ಅಂಗುಲ, ಮೋರಿಗೆ ಎಷ್ಟು ಅಂಗುಲ, ಅಧ್ಯಕ್ಷರ ಫೋಟೋಕ್ಕೆ ಎಷ್ಟು ಅಂಗುಲ ಎಂದು ಅಳೆಯುತ್ತಿದ್ದೆ. ಮಧ್ಯಾಹ್ನ ಪುರಸಭೆಗೆ ಹೋಗಿ, ಯಾವ ಕೆಲಸ ಸುದ್ದಿಯಾದ ಎಷ್ಟು ದಿನಕ್ಕೆ ಆಯಿತು ಎಂದು ಅವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದೆ. ನಾನು ಬರುವ ಮೊದಲಿನ ಇಪ್ಪತ್ತಮೂರು ವರ್ಷಗಳ ಹಳೆಯ ಸಂಚಿಕೆಗಳನ್ನೂ ಅಳೆದೆ. ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದಿದ್ದರೂ ಬಂಡಿ ಸ್ವಲ್ಪ ಅಲುಗಾಡುತ್ತಿತ್ತು. ಆ ಇಪ್ಪತ್ತಮೂರು ವರ್ಷ ಎರಡೂ ಮಲಗಿ ಮೆಲುಕು ಹಾಕಿದ್ದವು.

ಮೊದಲ ವರ್ಷ ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯ ವರ್ಷದ ಮೊದಲ ಗುರುವಾರ ವೆಂಕೋಬರಾಯರು ಕನ್ನಡಕ ಏರಿಸಿಕೊಂಡು ನನ್ನ ಹತ್ತಿರ ಬಂದರು.

"ಈ ವಾರ ಮೋರಿಗೆ ಎಷ್ಟು ಅಂಗುಲ ಆಯ್ತಮ್ಮ?"

"ಸೊನ್ನೆ, ರಾಯರೆ."

"ಅಧ್ಯಕ್ಷರ ಫೋಟೋಕ್ಕೆ?"

"ನಲವತ್ತೊಂದು."

"ಇದೆಲ್ಲ ಪ್ರಬಂಧದಲ್ಲಿ ಬರುತ್ತಾ?"

"ಕೋಷ್ಟಕ ಹನ್ನೆರಡರಲ್ಲಿ."

ರಾಯರು ಒಳಗೆ ಹೋದರು. ಮರುದಿನ ಮೋರಿಯ ಮೇಲೆ ಒಂಬತ್ತು ಅಂಗುಲದ ಸುದ್ದಿ ಬಂತು, ಅದರಲ್ಲಿ ಒಂದೇ ಒಂದು "ಎಂದರು" ಇರಲಿಲ್ಲ. ಕೆಳಗಿನ ಬೀದಿಗೆ ಅವರೇ ಹೋಗಿ ಮೂಗು ಮುಚ್ಚಿಕೊಂಡು ನೋಡಿ ಬರೆದದ್ದು. ಸುದ್ದಿ ಗರಿಗರಿಯಾಗಿ ಒಣಗಿತ್ತು. ಅವರ ಭಯ ನನಗೆ ಅರ್ಥವಾಗುತ್ತದೆ. ಒಣಗಿದ ಪ್ರಬಂಧ ಕಾಲೇಜಿನ ಗ್ರಂಥಾಲಯದಲ್ಲಿ ನೂರು ವರ್ಷ ಇರುತ್ತದೆ, ಮೊಮ್ಮಕ್ಕಳು ಬಂದು ಕೋಷ್ಟಕ ಹನ್ನೆರಡನ್ನು ತೆರೆದು ನೋಡುತ್ತಾರೆ.

ಬೋರಲಿಂಗಯ್ಯನವರಿಗೆ ಈ ಸುದ್ದಿ ಮುಟ್ಟಲು ತಡವಾಗಲಿಲ್ಲ. ಮುಂದಿನ ವಾರ ನಾನು ಪುರಸಭೆಗೆ ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು.

"ಮೇಡಮ್ಮೋರೆ, ಪೇಪರ್‌ನಲ್ಲಿ ಬಂದು ಎಷ್ಟು ದಿನಕ್ಕೆ ಕೆಲ್ಸ ಆಯ್ತು ಅಂತ ಬರ್ಕೊತಿದ್ದೀರಂತೆ? ನಮ್ದು ಸರಾಸರಿ ಎಷ್ಟು ಬತ್ತೈತೆ?"

"ಇಪ್ಪತ್ತಮೂರು ವರ್ಷದ ಸರಾಸರಿ ತೆಗೆಯೋಕೇ ಆಗಿಲ್ಲ ಸರ್. ಕೆಲಸ ಆದ ದಿನಾನೇ ಇಲ್ಲವಲ್ಲ."

ಅವರು ನನ್ನ ಟೇಪಿನ ತುದಿ ಹಿಡಿದು ನೋಡಿದರು. "ಪಕ್ಕದೂರಿಂದು ಎಷ್ಟಂತೆ?" ಎಂದರು. ನನಗೆ ಗೊತ್ತಿರಲಿಲ್ಲ. ಆದರೂ "ಹನ್ನೊಂದು ದಿನ ಅಂತ ಕೇಳಿದೀನಿ" ಎಂದೆ. ಬಾಯಿಮಾತಿಗೆ ಮಸಿ ಇಲ್ಲವಲ್ಲ, ಬಚಾವಾದೆ. ಹತ್ತನೆಯ ದಿನಕ್ಕೆ ಕೆಳಗಿನ ಬೀದಿಯ ಮೋರಿ ಸ್ವಚ್ಛವಾಯಿತು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಗುರುವಾರ ಬೆಳಿಗ್ಗೆ ರಾಯರು ನನಗೆ ಕಾಫಿ ತರಿಸಿ ಕೋಷ್ಟಕದ ಯಾವ ಖಾನೆ ಖಾಲಿಯಿದೆ ಎಂದು ಕೇಳುವರು. "ಶಾಲೆ ಖಾಲಿ" ಎಂದರೆ ಶುಕ್ರವಾರ ಶಾಲೆಯ ಸೋರುವ ಮಾಡು ಸುದ್ದಿಯಾಗುವುದು. ಮಧ್ಯಾಹ್ನ ಅಧ್ಯಕ್ಷರು ಮಜ್ಜಿಗೆ ತರಿಸಿ "ಈಗ ಸರಾಸರಿ ಎಷ್ಟು?" ಎಂದು ಕೇಳುವರು. ಒಂಬತ್ತೂವರೆ ಎಂದರೆ ಮುಖ ಸಣ್ಣದಾಗುವುದು, ಒಂಬತ್ತು ಎಂದರೆ ಇನ್ನೊಂದು ಲೋಟ ಮಜ್ಜಿಗೆ ಬರುವುದು. ನಾನೋ, ನನ್ನ ಪಾಡಿಗೆ ಕಾಫಿ ಕುಡಿದು, ಮಜ್ಜಿಗೆ ಕುಡಿದು, ಅಂಕಿ ಬರೆದುಕೊಂಡು ಬರುತ್ತಿದ್ದೆ. ದೀಪದ ಕೆಳಗೆ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಏಳನೆಯ ವರ್ಷ ಕೋಷ್ಟಕಗಳೆಲ್ಲ ಮುಗಿದು ತೀರ್ಮಾನದ ವಾಕ್ಯ ಒಂದು ಉಳಿಯಿತು. ಅದೇ ಹೊತ್ತಿಗೆ ನಮ್ಮ ವಿಭಾಗದಲ್ಲಿ ಕೈಯಿರುವ ಕುರ್ಚಿಯೊಂದು ಖಾಲಿಯಾಯಿತು. ತಿಂಗಳೊಳಗೆ ನನಗೆ ಡಾಕ್ಟರೇಟು ಬಂದರೆ ಅದು ನನ್ನದು, ಇಲ್ಲವಾದರೆ ಇತಿಹಾಸ ವಿಭಾಗಕ್ಕೆ ಎಂದು ಪ್ರಾಂಶುಪಾಲರು ನೋಟೀಸು ಹಚ್ಚಿದರು. ನೋಟೀಸನ್ನು ಮುಟ್ಟಿ ನೋಡಿದೆ. ಒಣಗಿತ್ತು.

ವಿಷಯ ತಿಳಿದ ಕೂಡಲೇ ರಾಯರು ನಮ್ಮ ಮನೆಗೇ ಬಂದರು. "ಸರ್ವಮಂಗಳಾ, ನಾನೇನಮ್ಮ, ಬರೀ ಗೋಡೆ. ಅವರು ಹೇಳ್ತಾರೆ, ನನ್ನಲ್ಲಿ ಪ್ರತಿಧ್ವನಿ ಬರುತ್ತೆ. ಪುರಸಭೆಯೇ ಪತ್ರಿಕೆಯನ್ನ ನಡೆಸುತ್ತೆ ಅಂತ ಬರೆದುಬಿಡು" ಎಂದರು. ಅವರು ಮೂಲೆ ತಿರುಗುವಷ್ಟರಲ್ಲಿ ಬೋರಲಿಂಗಯ್ಯನವರ ಜೀಪು ಬಂತು. "ನಾವು ಎತ್ತು ಇದ್ದಂಗೆ ಮೇಡಮ್ಮೋರೆ. ಹಗ್ಗ ಆ ರಾಯರ ಕೈಯಾಗೈತೆ. ಪೇಪರ್‌ನೋರು ಎಳ್ದಂಗೆ ಹೋಯ್ತೀವಿ. ಹಂಗಂತ್ಲೇ ಬರೀರಿ." ಊರ ಹೊರಗೆ ಬಸ್ಸೇ ಬಾರದ ಬಸ್ ನಿಲ್ದಾಣವೊಂದಿತ್ತು. ಯಾರು ಯಾರನ್ನು ನಡೆಸಿದರು ಎಂದು ತೀರ್ಮಾನವಾದರೆ ಅದನ್ನು ಕಟ್ಟಿಸಿದ ಹೊಣೆ ನಡೆಸಿದವರ ತಲೆಗೆ. ಇಬ್ಬರಿಗೂ ಅಂಕ ಬೇಕಿತ್ತು, ಹೊಣೆ ಬೇಡವಾಗಿತ್ತು.

ನಾನು ಅಚ್ಚುಕೂಟಕ್ಕೆ ಹೋದೆ. ಅಲ್ಲಿ ಒಣಗು ನೋಡುವ ಕೆಲಸ ತಾಯಮ್ಮನದು. ಯಂತ್ರದಿಂದ ಬಂದ ಹಾಳೆಯನ್ನು ಹಗ್ಗದ ಮೇಲೆ ಹಾಕಿ, ಕಾಫಿ ಆರುವಷ್ಟು ಹೊತ್ತು ಬಿಟ್ಟು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಹೇಳುತ್ತಾಳೆ. ಓದು ಬರಹ ಬಾರದು. ಯಾವ ಸಾಲು ಸುಳ್ಳು ಎಂದು ಗೊತ್ತು, ಆ ಸುಳ್ಳು ಏನೆಂದು ಗೊತ್ತಿಲ್ಲ. ಮೂವತ್ತು ವರ್ಷದಿಂದ ಅವಳ ಹತ್ತು ಬೆರಳೂ ಕಪ್ಪು.

"ಪತ್ರಿಕೆ ಪುರಸಭೆಯನ್ನು ನಡೆಸುತ್ತದೆ" ಎಂದು ಅಚ್ಚು ಹಾಕಿಸಿದೆ. ತಾಯಮ್ಮ ಬೆರಳಿಟ್ಟು, "ಹಸಿ" ಎಂದಳು. ತಿರುಗಿಸಿ ಹಾಕಿಸಿದೆ. "ಹಸಿ." "ಪತ್ರಿಕೆ ಮತ್ತು ಪುರಸಭೆ ಪರಸ್ಪರ ನಡೆಸುತ್ತವೆ" ಎಂದೆ. "ಇದು ಇನ್ನಾ ಹಸಿ." "ಒಂದು ಮಟ್ಟಿಗೆ" ಎಂದು ಸೇರಿಸಿದೆ, "ಸಾಮಾನ್ಯವಾಗಿ" ಎಂದು ಸೇರಿಸಿದೆ, ನಮ್ಮ ಶಾಸ್ತ್ರದಲ್ಲಿ ಎಂಥ ಸುಳ್ಳನ್ನೂ ಒಣಗಿಸಬಲ್ಲ "ಸಂಕೀರ್ಣ ಸಂಬಂಧ" ಎಂಬ ಪದವನ್ನೂ ಹಾಕಿ ನೋಡಿದೆ. ಮಸಿ ನೆಲಕ್ಕೆ ತೊಟ್ಟಿಕ್ಕಿತು. ಮೂರು ದಿನ ಹೀಗೇ ಹೊಳೆಯಲ್ಲಿ ಹುಣಸೆಹಣ್ಣು ತೊಳೆದೆ. ನಾಲ್ಕನೆಯ ದಿನ ಸಿಟ್ಟಿಗೆ ಹಾಳೆಗಳನ್ನೆಲ್ಲ ಎತ್ತಿ ಎಸೆದು, ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತು ಅತ್ತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಜ್ಞಾನಕ್ಕಾಗಿ ಅತ್ತದ್ದಲ್ಲ. ಕುರ್ಚಿಗಾಗಿ ಅತ್ತದ್ದು.

ತಾಯಮ್ಮ ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು.

"ಅಂಥಾದ್ದೇನವ್ವ ಬರೀತಿದ್ದೀಯ? ಓದ್ ಹೇಳು."

ಓದಿ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನನಗೆ ರೇಗಿತು.

"ನಗೋದೇನಿದೆ ತಾಯಮ್ಮ?"

"ಅಲ್ಲವ್ವ, ಆ ರಾಯರು ಅಧ್ಯಕ್ಷನ್ನ ನಡೆಸೋದಾ? ಆ ಅಧ್ಯಕ್ಷ ರಾಯರನ್ನ ನಡೆಸೋದಾ? ನಮ್ಮ ಬೀದೀಲಿ ಮೋರಿ ಉಕ್ಕಿ ಒಲೆ ತನಕ ನೀರು ಬತ್ತಿತ್ತು. ನಾನು ಇಲ್ಲಿ ಇವರ ಕಾಲ ಬುಡದಲ್ಲೇ ಕೆಲ್ಸ ಮಾಡ್ಕೊಂಡು ಇಪ್ಪತ್ತು ವರ್ಸ ಹೇಳಿದೀನಿ. ಒಬ್ಬನೂ ಕಿವಿಗಾಕ್ಕೊಳ್ಳಿಲ್ಲ. ನೀನು ಆ ಟೇಪು ಹಿಡ್ಕೊಂಡು ಬಂದು 'ಸೊನ್ನೆ' ಅಂದೆ ನೋಡು, ಹತ್ತೇ ದಿನಕ್ಕೆ ಮೋರಿ ತೆಗುದ್ರು. ಊರಿಗೆಲ್ಲ ಗೊತ್ತು. ಗುರುವಾರಮ್ಮ ಅಂತ್ಲೇ ನಿನ್ನ ಕರಿಯೋದು. ನಿಂಗೊಬ್ಬಳಿಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಏಳು ವರ್ಷದಲ್ಲಿ ನಾನು ಅಳೆಯದೆ ಬಿಟ್ಟದ್ದು ನನ್ನೊಬ್ಬಳನ್ನೇ. ಎದ್ದು, ಕಣ್ಣೊರೆಸಿಕೊಂಡು, ಹೊಸ ವಾಕ್ಯ ಬರೆದು ಅಚ್ಚಿನ ಮೊಳೆ ಜೋಡಿಸುವವರ ಕೈಗೆ ಕೊಟ್ಟೆ: "ಹಿಂದಿನ ಇಪ್ಪತ್ತನಾಲ್ಕು ವರ್ಷ ಪತ್ರಿಕೆಯನ್ನೂ ಪುರಸಭೆಯನ್ನೂ ಯಾರೂ ನಡೆಸಲಿಲ್ಲ, ಈಚಿನ ಆರು ವರ್ಷ ಎರಡನ್ನೂ ನಡೆಸಿದ್ದು ಅಳೆಯಲು ಬಂದ ನಾನು." ಹಾಳೆ ಯಂತ್ರದಿಂದ ಹೊರಗೆ ಬರುವಾಗಲೇ ಒಣಗಿತ್ತು. ತಾಯಮ್ಮ ಹಗ್ಗಕ್ಕೆ ಹಾಕುವ ತಂಟೆಗೇ ಹೋಗಲಿಲ್ಲ.

ನನಗಾದ ಸಂತೋಷಕ್ಕೆ ಅವಳ ಕಪ್ಪು ಕೈಗಳನ್ನೇ ಹಿಡಿದುಕೊಂಡೆ. "ಮುಗೀತು ತಾಯಮ್ಮ! ಇನ್ನು ಗುರುವಾರ ಬರೋ ಕಷ್ಟ ಇಲ್ಲ. ಕುರ್ಚಿ ಮೇಲೆ ಕೂತು ಪಾಠದ ಪುಸ್ತಕ ನೋಡ್ಕೊಂಡಿದ್ರೆ ಆಯ್ತು."

ಅವಳು ಕೈ ಬಿಡಿಸಿಕೊಂಡಳು. "ಬರಲ್ವಾ?"

"ಪ್ರಬಂಧ ಮುಗಿದ ಮೇಲೆ ಯಾಕೆ ಬರಲಿ?"

"ಸರಿ ಬಿಡವ್ವ" ಎಂದಳು. "ನಿನ್ ಬೆನ್ನಿಗೂ ಒಂದು ಆಸರೆ ಬೇಕಲ್ಲ." ಆ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ನನಗೆ ಚುಚ್ಚಿತು. ಅಷ್ಟರಲ್ಲಿ ಕಡೆಯ ಪುಟ ಬಂತು. "ಈ ಅಧ್ಯಯನ ಇಲ್ಲಿಗೆ ಮುಗಿದಿದೆ." ತಾಯಮ್ಮ ಅದನ್ನು ಹಗ್ಗಕ್ಕೆ ಹಾಕಿ, ಕಾದು, ಬೆರಳಿಟ್ಟು, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು.

"ಒಣಗೈತೆ" ಎಂದಳು.

ಪರೀಕ್ಷೆ ಗುರುವಾರ ಬಂತು. ಪದ್ಧತಿಯಂತೆ ಖಾಲಿ ಕುರ್ಚಿಯನ್ನು ಆ ಕೋಣೆಗೇ ತಂದು ಇಟ್ಟಿದ್ದರು. ಬೀಟೆಯ ಮರದ್ದು, ಬೆತ್ತದ ಹೆಣಿಗೆಯದು, ಕೈಗಳ ತುದಿಯಲ್ಲಿ ದುಂಡನೆಯ ಕೆತ್ತನೆ. ನಾನು ಎದುರಿನ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಹಯವದನಾಚಾರ್ಯರೂ ಇನ್ನಿಬ್ಬರು ಪರೀಕ್ಷಕರೂ ಪುಟ ಒರೆಸತೊಡಗಿದರು. ಕೋಷ್ಟಕಗಳು ಬಿಳಿ. ತೀರ್ಮಾನದ ವಾಕ್ಯವನ್ನು ಎರಡು ಸಲ ಒರೆಸಿದರು, ಬಿಳಿ. ಆಚಾರ್ಯರು ನನ್ನ ಕಡೆ ನೋಡಿ ಮುಗುಳ್ನಕ್ಕರು. ಕಡೆಯ ಪುಟ ಒರೆಸಿದಾಗ ಬಟ್ಟೆಯ ಮೇಲೆ ಅಂಗೈಯಗಲ ಕಪ್ಪು ಮೂಡಿತು.

ನನಗೆ ಮೊದಲು ಬಂದದ್ದು ತಾಯಮ್ಮನ ಮೇಲೆ ಕೆಂಡದಂಥ ಕೋಪ.

"ಏನಮ್ಮ ಇದು?" ಎಂದರು ಆಚಾರ್ಯರು. "ಇಷ್ಟು ವರ್ಷದಲ್ಲಿ ಈ ಸಾಲು ಯಾರಿಗೂ ಹಸಿಯಾಗಿದ್ದಿಲ್ಲ. ಮುಗಿದಿಲ್ಲವೆ?"

"ಮುಗಿದಿದೆ ಸರ್."

"ಏನಾದರೂ ಬಾಕಿ ಇದೆಯೆ?"

"ಏನೂ ಇಲ್ಲ ಸರ್" ಎಂದು, ಕರವಸ್ತ್ರಕ್ಕಾಗಿ ಚೀಲಕ್ಕೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಟೇಪು. ಅದನ್ನು ಬೆಳಿಗ್ಗೆ ಯಾವಾಗ ಚೀಲಕ್ಕೆ ಹಾಕಿಕೊಂಡೆನೋ ನನಗೆ ನೆನಪಿರಲಿಲ್ಲ. ಗುರುವಾರವಲ್ಲವೆ, ಕೈ ತಾನಾಗಿ ಹಾಕಿಕೊಂಡಿತ್ತು.

ಆಚಾರ್ಯರು ಒಳ್ಳೆಯವರು. ದನಿ ತಗ್ಗಿಸಿ ಹೇಳಿದರು: "ನೋಡಿ, ಇದು ಬರೀ ಪದ್ಧತಿಯ ಸಾಲು. ಪುಟದ ಕೆಳತುದಿಯಲ್ಲಿದೆ. ಕತ್ತರಿ ತರಿಸಿ ಅಷ್ಟನ್ನ ಕತ್ತರಿಸಿದರೆ ಆಯ್ತು. ಗೆದ್ದಲು ತಿಂದಿತ್ತು ಅಂತ ನಾನು ಹೇಳ್ತೀನಿ. ಒಂದೇ ಷರತ್ತು, ಇನ್ನು ಆ ಅಳತೆ ಗಿಳತೆಗೆ ಹೋಗಬಾರದು. ಮುಗಿದದ್ದು ಮುಗಿದ ಹಾಗಿರಬೇಕು." ಉಳಿದ ಪರೀಕ್ಷಕರಿಬ್ಬರೂ ಕಿಟಕಿಯ ಕಡೆ ತಿರುಗಿ ಕೂತರು. ಕತ್ತರಿ ಬಂತು.

ನಾನು ಎದ್ದು ಹೋಗಿ ಕುರ್ಚಿಯ ಕೈ ಮೇಲೆ ಕೈ ಇಟ್ಟೆ. ನುಣುಪಾಗಿ, ತಣ್ಣಗೆ ಇತ್ತು. ಅದರಲ್ಲಿ ಕೂತುಬಿಟ್ಟರೆ ಮುಂದಿನ ಗುರುವಾರ ರಾಯರು ಕಾಫಿ ತರಿಸಿ ಕಾಯುತ್ತಾರೆ. ಅದರ ಮುಂದಿನ ಗುರುವಾರ ಕಾಯುವುದಿಲ್ಲ. ಆಮೇಲೆ "ಮೋರಿ ಸ್ವಚ್ಛವಾಗಿದೆ ಎಂದು ಅಧ್ಯಕ್ಷರು ಹೇಳಿದರು" ಎಂಬ ಸುದ್ದಿ ಗರಿಗರಿಯಾಗಿ ಒಣಗುತ್ತದೆ. ತಾಯಮ್ಮನ ಒಲೆಗೆ ನೀರು ಬರುತ್ತದೆ. ನನ್ನ ಬೆನ್ನು, ಅವಳ ಒಲೆ. ಎಷ್ಟು ಸಲ ಅಳೆದರೂ ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು.

"ಬಾಕಿ ಇದೆ ಸರ್" ಎಂದೆ. ಕುರ್ಚಿಯಿಂದ ಕೈ ತೆಗೆದು ಇನ್ನೊಂದು ಸಲ ಹೇಳಿದೆ. "ಬಾಕಿ ಇದೆ. ಇವತ್ತು ಗುರುವಾರ. ಹೊತ್ತಾಯ್ತು, ನಾನು ಹೊರಡಬೇಕು."

ಪ್ರಬಂಧವನ್ನು ಬಗಲಿಗಿಟ್ಟುಕೊಂಡು ನೇರ ಅಚ್ಚುಕೂಟಕ್ಕೆ ಹೋದೆ. ಸೀರೆಯ ಸೆರಗೆಲ್ಲ ಕಪ್ಪಾಯಿತು. ತಾಯಮ್ಮ ನನ್ನನ್ನು ಕಂಡವಳೇ ಹಾಳೆಗಳ ಹಿಂದೆ ಸರಿದಳು.

"ಒಣಗೈತೆ ಅಂದೆಯಲ್ಲ ತಾಯಮ್ಮ?"

"ಅಂದೆ."

"ಮೂವತ್ತು ವರ್ಷ ಒಂದು ಸುಳ್ಳು ಹೇಳದೋಳು ನೀನು!"

"ಹೂಂ ಕಣವ್ವ, ನಿಂಗೆ ಆ ಕುರ್ಚಿ ಸಿಗ್ಲಿ ಅಂತ ಅಂದೆ" ಎಂದು ಹಾಳೆಗಳ ನಡುವಿನಿಂದ ಮುಖ ಹೊರಹಾಕಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ತುಂಟ ನಗು. "ನಾ ಹೇಳಿದ್ದು ಬಾಯಾಗೆ. ನೀ ಹೇಳಿದ್ದು ಅಚ್ಚಾಗೆ. ಇಬ್ರಲ್ಲಿ ದೊಡ್ಡ ಸುಳ್ಳಿ ಯಾರು?"

ಒಳಗಿನಿಂದ ರಾಯರ ದನಿ ಕೇಳಿತು: "ಸರ್ವಮಂಗಳಾ, ಇವತ್ತು ಯಾಕಮ್ಮ ತಡ? ಕಾಫಿ ಆರಿತು. ಈ ವಾರ ಯಾವ ಖಾನೆ ಖಾಲಿ?"

"ಬಸ್ ನಿಲ್ದಾಣ" ಎಂದೆ, ಕೋಪವೆಲ್ಲ ಅತ್ತ ತಿರುಗಿ. ಮುಂದಿನ ತಿಂಗಳು ಅಲ್ಲಿಗೆ ಮೊದಲ ಬಸ್ಸು ಬಂತು.

ಕುರ್ಚಿ ಇತಿಹಾಸ ವಿಭಾಗಕ್ಕೆ ಹೋಯಿತು. ತೂಕಡಿಸುವ ಮೇಷ್ಟರು ಈಗ ಅದರ ಮೇಲೆ ಕಾಲು ಚಾಚುತ್ತಾರೆ. ನಾನು ಇನ್ನೂ ಅಭ್ಯರ್ಥಿ. ಇದು ಹತ್ತನೆಯ ವರ್ಷ. ವರ್ಷಕ್ಕೊಮ್ಮೆ ಆಚಾರ್ಯರು ಕಡೆಯ ಪುಟವನ್ನು ಒರೆಸಿ, ಕಪ್ಪಾದ ಬಟ್ಟೆಯನ್ನು ಮಡಿಸಿಟ್ಟು, "ಆಗಲಿ, ಇನ್ನೊಂದು ವರ್ಷ ತಗೊಳ್ಳಿ" ಎನ್ನುತ್ತಾರೆ. ಮೋರಿಯ ಸರಾಸರಿ ಏಳು ದಿನಕ್ಕೆ ಇಳಿದಿದೆ.

ಇದನ್ನೆಲ್ಲ ಬರೆದು ಚಾವಡಿಯ ಅಚ್ಚುಕೂಟಕ್ಕೇ ಕೊಟ್ಟೆ. ತಾಯಮ್ಮ ಪ್ರತಿ ಸಾಲಿಗೂ ಬೆರಳಿಟ್ಟು ನೋಡಿದಳು. ಎಲ್ಲವೂ ಒಣಗಿದೆ, ಒಂದನ್ನು ಬಿಟ್ಟು. ಅದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಓದುವವರು ಅಂಚು ಹಿಡಿದು ಓದಬೇಕು, ಈ ಕೆಳಗಿನ ಸಾಲನ್ನು ಮಾತ್ರ ಮುಟ್ಟಬಾರದು.

ಆ ಕೈಯಿರುವ ಕುರ್ಚಿಯ ಮೇಲೆ ನನಗೆ ಈಗ ಆಸೆಯೇನೂ ಉಳಿದಿಲ್ಲ.